ತರಗು ಬೆಂಕಿಯೂ ಕಾಡನ್ನು ನೋಡುವ ಕಣ್ಣುಗಳೂ

ಸಂಪಾದಕರಿಗೆ,

ಮಾನ್ಯರೇ,

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಚಾಮರಾಜನಗರ ಜಿಲ್ಲೆಯಿಂದ ಕಾಳ್ಗಿಚ್ಚಿನ ಸುದ್ದಿಗಳು ಬರತೊಡಗುತ್ತವೆ. ಅವುಗಳ ಬೆನ್ನಿಗೇ ‘ಕಾಡಿನಲ್ಲಿರುವವರೇ ಬೆಂಕಿ ಇಟ್ಟಿರಬೇಕು’ ಎಂಬ ಮಾತೂ ಬರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಈ ಮಾತು ಎಷ್ಟು ಸಲೀಸಾಗಿ ಓಡಾಡಿತೆಂಬುದು ಓದುಗರಿಗೆ ನೆನಪಿರಬಹುದು. ಬೆಂಕಿ ಎಂದರೆ ಕಾಡಿಗೆ ಕೇಡು ಎಂದೇ ನಾವು ನಂಬಿದ್ದೇವೆ. ಈ ನಂಬಿಕೆ ಎಲ್ಲರದೂ ಅಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ‘ತರಗು ಬೆಂಕಿ’ ಇಡುತ್ತಿದ್ದವರು. ಬಿಸಿಲು ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ಎಲೆಗೂ ಒಣಗಿದ ಹುಲ್ಲಿಗೂ ಅಲ್ಲಲ್ಲಿ ಕಿಚ್ಚು ತಾಗಿಸಿ, ಅದು ನೆಲಮಟ್ಟದಲ್ಲೇ ಉರಿದು ಆರುವಂತೆ ನೋಡಿಕೊಳ್ಳುತ್ತಿದ್ದರು. ಇದರಿಂದ ಹೊಸ ಹುಲ್ಲು ಚಿಗುರುತ್ತದೆ, ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆ ಹತೋಟಿಯಲ್ಲಿರುತ್ತದೆ, ಕಡುಬೇಸಿಗೆಯ ದೊಡ್ಡ ಬೆಂಕಿಗೆ ಮೇವು ಉಳಿಯುವುದಿಲ್ಲ ಎಂಬುದು ಅವರ ಅನುಭವ. ಬೆಟ್ಟದ ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಕಾರಣ ಅವರಿಗೆ ಭಾವ. ಹುಲಿ ಮಾದಪ್ಪನ ವಾಹನ. ದೊಡ್ಡ ಸಂಪಿಗೆ ಪೂಜೆಗೊಳ್ಳುವ ಮರ. ದೇವರ ಜೊತೆಗೇ ನೆಂಟಸ್ತಿಕೆ ಇರುವ ಈ ಬದುಕಿನಲ್ಲಿ ಕಾಡು ಊರಾಚೆಯ ವಸ್ತುವಲ್ಲ. ಜೇನು, ನೆಲ್ಲಿ, ಕಲ್ಲುಪಾಚಿ ತೆಗೆಯುವವರೇ ಅದನ್ನು ಒಪ್ಪಓರಣವಾಗಿಡಬೇಕೆಂಬುದು ಅಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲದ ಸಂಗತಿ.

ಬ್ರಿಟಿಷರ ಅರಣ್ಯಾಡಳಿತಕ್ಕೆ ಕಾಡೆಂದರೆ ಮರದ ದಾಸ್ತಾನು, ಬೆಂಕಿಯೆಂದರೆ ಬೊಕ್ಕಸಕ್ಕೆ ನಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೊತ್ತಿಗೆ ಮರದ ಜಾಗಕ್ಕೆ ಹುಲಿ ಬಂತಾದರೂ, ಕಾಡಿನೊಳಗಿನ ಮನುಷ್ಯ ಅತಿಕ್ರಮಣಕಾರನೆಂಬ ಎಣಿಕೆ ಮಾತ್ರ ಹಾಗೆಯೇ ಉಳಿಯಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಸೋಲಿಗರ ಬೇಟೆ, ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯ, ತರಗು ಬೆಂಕಿ ಎಲ್ಲವೂ ನಿಂತವು; ಪೋಡು ಎಂದು ಕರೆಯುವ ಅವರ ಅನೇಕ ಹಾಡಿಗಳು ಇದ್ದಲ್ಲಿಂದ ಎದ್ದು ಬೇರೆಡೆ ನೆಲೆಗೊಳ್ಳಬೇಕಾಯಿತು. (ಅದೇ ಬೆಟ್ಟದ ಕಾಫಿ ತೋಟಗಳು ಯಾರ ಕಣ್ಣನ್ನೂ ಅಷ್ಟಾಗಿ ಚುಚ್ಚಲಿಲ್ಲ.) ಸಫಾರಿ ಜೀಪಿನಿಂದ ಕಾಡು ನೋಡುವ ನಗರದ ಪರಿಸರಪ್ರೇಮಿಗೂ ಜನರಿಲ್ಲದ ಕಾಡೇ ಅಸಲಿ ಕಾಡು.

ಈ ನೋಟದ ಫಲ ಇಂದು ಬೆಟ್ಟದ ತುಂಬ ಲಂಟಾನದ ರೂಪದಲ್ಲಿ ಬೆಳೆದು ನಿಂತಿದೆ. ಬ್ರಿಟಿಷರು ಅಲಂಕಾರಕ್ಕೆಂದು ತಂದ ಅಮೆರಿಕ ಖಂಡದ ಈ ಪೊದೆ 1997ರ ಸಮೀಕ್ಷೆಯಲ್ಲಿ ಸರಿಸುಮಾರು ಐದು ತಾಣಗಳ ಪೈಕಿ ಎರಡರಲ್ಲಿದ್ದರೆ, 2008ರಲ್ಲಿ ನಾಲ್ಕರಲ್ಲಿತ್ತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಅದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ; ಸುಟ್ಟರೂ ಬುಡದಿಂದ ಮತ್ತೆ ಚಿಗುರುವ ಗಿಡವದು. ಪೊದೆ ಇಷ್ಟು ಬಲಿತಿರುವಾಗ ಬೆಂಕಿ ಇಟ್ಟರೆ ಮರಗಳ ನೆತ್ತಿಗೇ ಉರಿ ಏರುತ್ತದೆಂಬುದನ್ನು ಆ ಹಿರಿಯರೂ ಒಪ್ಪುತ್ತಾರೆ. ಹಾಗಾಗಿ ಮೊದಲು ಪೊದೆಯನ್ನು ಬೇರುಸಹಿತ ಕೀಳಬೇಕು, ಆಮೇಲಷ್ಟೇ ತರಗು ಬೆಂಕಿಯ ಮಾತು. ಆದಿವಾಸಿಗಳು ಮಾಡಿದ್ದೆಲ್ಲ ಸರಿ ಎಂಬ ಭಾವುಕತೆಯೂ ಹೊರಗಿನವರ ಕಣ್ಣೇ. ಅವರ ಮಾತನ್ನು ಪರೀಕ್ಷೆಗೆ ಒಡ್ಡುವುದೇ ಅವರಿಗೆ ಕೊಡುವ ಮರ್ಯಾದೆ.

ಇದಕ್ಕೆ ಕಾನೂನಿನಲ್ಲಿ ಎಡೆಯಿದೆ. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದೇ ಮೊದಲು. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ ಈ ಕಾಯ್ದೆ ಒಪ್ಪುತ್ತದೆ.

ಬೇಸಿಗೆಗೆ ಮುನ್ನ ಬೆಂಕಿ ರೇಖೆ (ಕಿಚ್ಚು ಹರಡದಂತೆ ಮೊದಲೇ ಸುಟ್ಟು ಬರಿದಾಗಿಸುವ ಪಟ್ಟಿ) ಸುಡುವ ಇಲಾಖೆ, ಬೆಂಕಿ ಕಾಯಲು ದಿನಗೂಲಿಗೆ ಕರೆಯುವುದೂ ಕಾಡಂಚಿನ ಇದೇ ಜನರನ್ನು. ಅವರ ಕೈ ಬೇಕು, ತಿಳಿವಳಿಕೆ ಬೇಡ ಎಂಬ ಈ ನಿಲುವನ್ನು ಬಿಟ್ಟು, ಲಂಟಾನ ಕಿತ್ತ ಕೆಲವು ತಾಣಗಳಲ್ಲಿ ಗ್ರಾಮಸಭೆಗಳ ಉಸ್ತುವಾರಿಯಲ್ಲಿ ತರಗು ಬೆಂಕಿಯನ್ನು ಪ್ರಯೋಗಿಸಿ, ವಿಜ್ಞಾನಿಗಳಿಂದ ಅಳೆಯಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ಅರಣ್ಯ ಇಲಾಖೆಯನ್ನು ಒತ್ತಾಯಿಸುತ್ತೇನೆ.

ಇಂತಿ,
ಓರ್ವ ಓದುಗ, ಯಳಂದೂರು