ಬಾಣಂತಿಯ ಬೆರಳ ತುದಿಯ ಒಂದು ಹನಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಾನು ಹೆರಿಗೆ ವಾರ್ಡಿನ ನರ್ಸ್. ಹೆರಿಗೆಯಾದ ಎರಡನೆಯ ದಿನ ನಸುಕಿನಲ್ಲಿ ಒಬ್ಬ ಬಾಣಂತಿ, ಪಕ್ಕದಲ್ಲೇ ಅಳುತ್ತಿದ್ದ ತನ್ನ ಕೂಸನ್ನು ನೋಡಿ ‘ಇದು ಯಾರದು?’ ಎಂದಳು. ಹಣೆಯ ಮೇಲೆ ತಣ್ಣನೆಯ ಬೆವರು, ಮಾತು ತೊದಲು. ನಿದ್ದೆಗೆಟ್ಟ ಕಳವಳ ಎಂದು ಬರೆದು ಪಾಳಿ ಮುಗಿಸುವವಳಿದ್ದೆ. ಮನಸ್ಸು ಒಪ್ಪದೆ ಬೆರಳು ಚುಚ್ಚಿದೆ: ರಕ್ತದ ಸಕ್ಕರೆ 38 ಮಿ.ಗ್ರಾಂ/ಡೆ.ಲೀ., ತೀರಾ ಕಡಿಮೆ. ಗ್ಲುಕೋಸ್ ಏರಿಸಿದ ಸ್ವಲ್ಪ ಹೊತ್ತಿಗೇ ಆಕೆ ಕೂಸಿಗೆ ಕೈ ಚಾಚಿದಳು.

ಕಾರಣ, ಮೇದೋಜೀರಕ ಗ್ರಂಥಿಯಲ್ಲಿ ಕುಳಿತು ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಸುವ ಪುಟ್ಟ ಗಡ್ಡೆ, ಇನ್ಸುಲಿನೋಮಾ. ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಚಿಕ್ಕದು, ಹತ್ತರಲ್ಲಿ ಒಂಬತ್ತು ಕ್ಯಾನ್ಸರ್ ಅಲ್ಲ, ತೆಗೆದರೆ ಗುಣ. ಬಸಿರಿನಲ್ಲಿ ಇದು ಕಣ್ಣಾಮುಚ್ಚಾಲೆ ಆಡುತ್ತದೆ. ಮೊದಲ ತಿಂಗಳುಗಳ ತಲೆಸುತ್ತು ವಾಂತಿಯ ಲೆಕ್ಕಕ್ಕೆ ಹೋಗುತ್ತದೆ. ಆಮೇಲೆ ಮಾಸಿನ ಹಾರ್ಮೋನುಗಳು ಇನ್ಸುಲಿನ್ನಿನ ಕೈಕಟ್ಟುವುದರಿಂದ ಎಲ್ಲ ಸರಿಹೋದಂತೆ ಕಾಣುತ್ತದೆ. ಹೆರಿಗೆಯಾಗಿ ಮಾಸು ಬಿದ್ದೊಡನೆ ಆ ಕಟ್ಟು ಸಡಿಲಗೊಂಡು ಸಕ್ಕರೆ ಕುಸಿಯುತ್ತದೆ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ (ಬಸಿರಿನಲ್ಲಿ ರಕ್ತದೊತ್ತಡ ಏರಿ ಬರುವ ಫಿಟ್ಸ್) ಎನ್ನುತ್ತೇವೆ, ಬಡಬಡಿಸಿದರೆ ಬಾಣಂತಿಯ ಮನೋರೋಗ ಎನ್ನುತ್ತೇವೆ.

ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಬರುವ ರೋಗಕ್ಕೆ ಸಚಿವರಿಗೆ ಪತ್ರವೇ ಎಂದು ತಾವು ಕೇಳಬಹುದು. ನನ್ನ ತಕರಾರು ಗಡ್ಡೆಯ ಮೇಲಲ್ಲ, ಮಾಡದೆ ಬಿಡುವ ಪರೀಕ್ಷೆಯ ಮೇಲೆ. ಬಸುರಿಯರ ಸಕ್ಕರೆ ಏರಿದೆಯೇ ಎಂದು ನೋಡುವ ನಾವು ಇಳಿದಿದೆಯೇ ಎಂದು ನೋಡುವುದು ಕಡಿಮೆ. ರಕ್ತದ ನಂಜು, ಬಸಿರಿನಲ್ಲಿ ಯಕೃತ್ತಿಗೆ ಕೊಬ್ಬು ತುಂಬುವ ಕಾಯಿಲೆ, ಹೆರಿಗೆಯ ರಕ್ತಸ್ರಾವದಿಂದ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸೊರಗುವುದು, ಇವುಗಳಲ್ಲೂ ಸಕ್ಕರೆ ಕುಸಿಯಬಹುದು. ಒಂದೇ ಹನಿ ಇವಕ್ಕೆಲ್ಲ ಸುಳಿವು ಕೊಡುತ್ತದೆ.

ಆದ್ದರಿಂದ ಒಂದು ಸುತ್ತೋಲೆ ಹೊರಡಿಸಿ: ಎಚ್ಚರ ತಪ್ಪಿದ, ಗೊಂದಲಗೊಂಡ, ಫಿಟ್ಸ್ ಬಂದ ಪ್ರತಿ ಬಸುರಿ, ಬಾಣಂತಿಗೆ ಮೊದಲು ಗ್ಲುಕೋಮೀಟರ್ ಹಿಡಿಯಬೇಕು. 55ಕ್ಕಿಂತ ಕಡಿಮೆಯಿದ್ದರೆ ಗ್ಲುಕೋಸಿಗೆಂದು ಸೂಜಿ ಹಾಕುವಾಗಲೇ ಇನ್ಸುಲಿನ್, ಸಿ-ಪೆಪ್ಟೈಡ್ (ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಜೊತೆಗೆ ಹುಟ್ಟುವ ತುಣುಕು) ಪರೀಕ್ಷೆಗೆ ರಕ್ತ ತೆಗೆದಿಡಬೇಕು. ಸಕ್ಕರೆ ಇಳಿದಿರುವಾಗ ತೆಗೆದ ರಕ್ತದಲ್ಲೇ ಕಾರಣದ ಸುಳಿವು ಸಿಗುವುದು; ಆದರೆ ಅದಕ್ಕಾಗಿ ಗ್ಲುಕೋಸ್ ತಡವಾಗಬಾರದು.

ಆ ನಸುಕಿನಲ್ಲಿ ನಾನು ರಕ್ತ ತೆಗೆದಿಡಲಿಲ್ಲ. ಹಾಗೆ ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಹೀಗಾಗಿ ಸಕ್ಕರೆ ಮತ್ತೆ ಇಳಿಯುವವರೆಗೆ ಕಾಯುವ, 72 ಗಂಟೆಯವರೆಗೂ ಎಳೆಯಬಹುದಾದ ಉಪವಾಸ ಪರೀಕ್ಷೆಗೆ ಹಸಿ ಬಾಣಂತಿ ಕೂರಬೇಕಾಯಿತು. ನಮ್ಮ ಗ್ಲುಕೋಮೀಟರ್ ಇಂದಿಗೂ ಮಧುಮೇಹಿಗಳ ಕೊಠಡಿಯ ಬೀರುವಿನಲ್ಲಿದೆ. ರಾತ್ರಿ ಪಾಳಿಯಲ್ಲಿ ಅದರ ಬೀಗದ ಕೈ ಯಾರ ಬಳಿ ಇರುತ್ತದೆಂದು ಹುಡುಕಿಕೊಂಡು ಹೋಗಬೇಕು.

ಇಂತಿ,
ಹೆರಿಗೆ ವಾರ್ಡಿನ ಒಬ್ಬ ನರ್ಸ್