ಅಪ್ರೆಂಟಿಸ್ ಅರ್ಜೀಲಿ ಜಾತಿ, ಅಪ್ಪನ ಕೆಲಸ ಎಲ್ಲಾ ಯಾಕೆ ಕೇಳ್ತಾರೆ?

ಸಂಪಾದಕರಿಗೆ ನಮಸ್ಕಾರ.

ಅಪ್ರೆಂಟಿಸ್‌ಶಿಪ್‌ಗೆ ಆನ್‌ಲೈನಲ್ಲಿ ಅರ್ಜಿ ಹಾಕೋ ಮಕ್ಕಳು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ, ಫಾರಂನ ಕೊನೇ ಪುಟಕ್ಕೆ ಬಂದಾಗ ತಡವರಿಸ್ತಾರೆ. ಮಾರ್ಕ್ಸ್ ಕೇಳಿದ್ರು ಸರಿ, ಐಟಿಐ ಸರ್ಟಿಫಿಕೇಟ್ ಕೇಳಿದ್ರು ಅದೂ ಸರಿ, ಈಗ ಲಿಂಗ ಯಾವುದು, ಧರ್ಮ ಯಾವುದು, ಸಮುದಾಯ ಯಾವುದು, ಅಂಗವೈಕಲ್ಯ ಇದೆಯಾ, ಚಿಕ್ಕವನಿದ್ದಾಗ ಮನೇಲಿ ಯಾರು ದುಡೀತಿದ್ರು ಏನ್ ಕೆಲಸ ಮಾಡ್ತಿದ್ರು, ಇದೆಲ್ಲಾ ಇವರಿಗೆ ಯಾಕೆ? ಲೇತ್ ಮೆಷಿನ್ ಮುಂದೆ ನಿಲ್ಲೋಕೆ ಜಾತಿ ಯಾಕೆ ಬೇಕು ಅಂತ ಕೇಳೋದು ನ್ಯಾಯವಾದ ಪ್ರಶ್ನೇನೇ. ಆದ್ರೆ ಅಕ್ಕಪಕ್ಕದವರಿಂದ ಅದಕ್ಕೆ ಸಿಗೋ ಉತ್ತರ ಎರಡೇ. ಒಂದು, ಮೀಸಲಾತಿಗೆ ಕೇಳ್ತಾರೆ ಬಿಡಪ್ಪ ಅಂತ. ಇನ್ನೊಂದು, ಅವರವರ ಕಡೆಯೋರನ್ನ ಆರಿಸ್ಕೊಳ್ಳೋಕೆ ಅಂತ. ಅಪ್ರೆಂಟಿಸ್ ಆಯ್ಕೆ ಕೆಲಸದಲ್ಲಿ ಸ್ವಲ್ಪ ಕಾಲ ಇದ್ದವನು ನಾನು, ಈ ಎರಡೂ ಉತ್ತರದಿಂದ ಮಕ್ಕಳಿಗೆ ನಷ್ಟಾನೇ ಆಗ್ತಿದೆ ಅನ್ಸಿದ್ದಕ್ಕೆ ಈ ಪತ್ರ.

ಮೊದಲು ಒಂದು ಗೊಂದಲ ಬಿಡಿಸ್ಬೇಕು. ಒಂದೇ ಪ್ರಶ್ನೇನ ಮೂರು ಬೇರೆ ಬೇರೆ ಕಾರಣಕ್ಕೆ ಕೇಳಬಹುದು, ಫಾರಂ ಮಾಡೋರು ಮೂರನ್ನೂ ಒಟ್ಟಿಗೆ ತುರುಕಿಬಿಡ್ತಾರೆ. ಮೊದಲನೇದು ಮೀಸಲಾತಿ. ನಮ್ಮ ದೇಶದ 1961ರ ಅಪ್ರೆಂಟಿಸ್ ಕಾಯ್ದೇಲೇ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ತರಬೇತಿ ಸೀಟು ಮೀಸಲಿಡ್ಬೇಕು ಅಂತಿದೆ, 2007ರ ತಿದ್ದುಪಡೀಲಿ ಹಿಂದುಳಿದ ವರ್ಗಗಳೂ ಸೇರಿದ್ವು. ಇದಕ್ಕೆ ಕೊಡೋ ಮಾಹಿತಿ ನಿಮ್ಮ ಹೆಸರಿನ ಜೊತೇನೇ ಇರತ್ತೆ, ಸರ್ಟಿಫಿಕೇಟ್ ಬೇಕು, ಸೀಟು ಸಿಗತ್ತೋ ಇಲ್ವೋ ಅನ್ನೋದು ಅದರ ಮೇಲೂ ನಿಂತಿರತ್ತೆ. ಎರಡನೇದು ಅನುಕೂಲ. ಪರೀಕ್ಷೆಗೆ ಹೆಚ್ಚು ಸಮಯ ಬೇಕು, ಸನ್ನೆ ಭಾಷೆ ಗೊತ್ತಿರೋರು ಬೇಕು, ವೀಲ್‌ಚೇರ್ ಹೋಗೋ ದಾರಿ ಬೇಕು, ಇಂಥದ್ದು. ಇದೂ ಹೆಸರಿನ ಜೊತೇನೇ ಹೋಗ್ಬೇಕು, ಇಲ್ದಿದ್ರೆ ಯಾರಿಗೆ ಅಂತ ವ್ಯವಸ್ಥೆ ಮಾಡ್ತಾರೆ? ಮೂರನೇದು ಬರೀ ಲೆಕ್ಕ, ಅಂದ್ರೆ ಯಾವ ಗುಂಪಿನೋರು ಎಷ್ಟು ಜನ ಅರ್ಜಿ ಹಾಕಿದ್ರು, ಎಷ್ಟು ಜನ ಆಯ್ಕೆ ಆದ್ರು ಅಂತ ಎಣಿಸೋದು. ಡೈವರ್ಸಿಟಿ ಡೇಟಾ ಅಂತ ಕರೆಯೋದು ಇದನ್ನ. ಇದರಲ್ಲಿ ನಿಮ್ಮ ಹೆಸರಿಗೆ ಬೆಲೇನೇ ಇಲ್ಲ, ಸರ್ಟಿಫಿಕೇಟ್ ಬೇಡ, ಆಯ್ಕೆ ಮಾಡೋರ ಕೈಗೆ ಇದು ಹೋಗಲೇಬಾರದು.

ಇದು ಸುಮ್ನೆ ತಾಂತ್ರಿಕ ವಿಷಯ ಅನ್ಕೋಬೇಡಿ. ಓದೋಕೆ ಬರೆಯೋಕೆ ಕಷ್ಟ ಪಡೋ ಡಿಸ್ಲೆಕ್ಸಿಯಾ ಇರೋ ಹುಡುಗ ಒಬ್ಬ ಲೆಕ್ಕದ ಪುಟದಲ್ಲಿ ಅಂಗವೈಕಲ್ಯ ಇದೆ ಅಂತ ಟಿಕ್ ಮಾಡ್ದ ಅನ್ಕೊಳ್ಳಿ. ಅವನ ಪ್ರಕಾರ ಹೇಳ್ಬೇಕಾದೋರಿಗೆ ಹೇಳಾಯ್ತು, ಪರೀಕ್ಷೆ ದಿನ ಟೈಮ್ ಜಾಸ್ತಿ ಕೊಡ್ತಾರೆ ಅಂತ ಕಾಯ್ತಾನೆ. ಆದ್ರೆ ಆ ಪುಟ ಪರೀಕ್ಷೆ ನಡೆಸೋರ ಕಣ್ಣಿಗೆ ಬೀಳೋದೇ ಇಲ್ಲ, ಬೀಳಬಾರದು ಅನ್ನೋದೇ ನಿಯಮ! ಇನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ 21 ಥರದ ಅಂಗವೈಕಲ್ಯ ಪಟ್ಟಿ ಮಾಡಿದಾರೆ, ಹಳೇ 1995ರ ಕಾಯ್ದೇಲಿ ಇದ್ದಿದ್ದು ಏಳೇ. ಕಲಿಕೆಯ ತೊಂದರೆ, ಥಲಸೇಮಿಯಾ ಅನ್ನೋ ರಕ್ತದ ಕಾಯಿಲೆ, ಆಸಿಡ್ ದಾಳಿಗೆ ಒಳಗಾದವರು ಎಲ್ಲಾ ಹೊಸ ಪಟ್ಟೀಲಿ ಇದಾರೆ, ಆದ್ರೆ ಅರ್ಜಿ ಹಾಕೋ ಎಷ್ಟೋ ಜನಕ್ಕೆ ತಾವು ಆ ಪಟ್ಟೀಲಿ ಬರ್ತೀವಿ ಅನ್ನೋದೇ ಗೊತ್ತಿರಲ್ಲ. ಫಾರಂನಲ್ಲಿ ಒಂದು ಸಾಲು ವಿವರ ಕೊಟ್ಟಿದ್ರೆ ಮುಗೀತಿತ್ತು.

ಸರಿ, ಆಯ್ಕೆಗೇ ಬಳಸಲ್ಲ ಅಂದ್ಮೇಲೆ ಆ ಲೆಕ್ಕ ಇಟ್ಕೊಂಡು ಏನ್ ಮಾಡ್ತಾರೆ? ಒಂದು ಕಲ್ಪನೆಯ ಲೆಕ್ಕ ಹೇಳ್ತೀನಿ. 200 ಜನ ಅರ್ಜಿ ಹಾಕಿದಾರೆ, 120 ಹುಡುಗರು 80 ಹುಡುಗೀರು. ಲಿಖಿತ ಪರೀಕ್ಷೇಲಿ 60 ಹುಡುಗರು 40 ಹುಡುಗೀರು ಪಾಸ್, ಅಂದ್ರೆ ಎರಡೂ ಕಡೆ ಸರಿಯಾಗಿ ಅರ್ಧ. ಇಂಟರ್‌ವ್ಯೂ ಮುಗಿದ್ಮೇಲೆ ನೋಡಿದ್ರೆ 24 ಹುಡುಗರು, 8 ಹುಡುಗೀರು. ಕೊನೇ ಪಟ್ಟಿ ಮಾತ್ರ ನೋಡಿದೋರು "ಹುಡುಗೀರಿಗೆ ಈ ಟ್ರೇಡಲ್ಲಿ ಆಸಕ್ತಿ ಕಮ್ಮಿ ಸಾರ್" ಅಂದು ಕೈ ತೊಳ್ಕೋತಾರೆ. ಹಂತ ಹಂತದ ಲೆಕ್ಕ ಇದ್ರೆ ಆ ಮಾತು ನಿಲ್ಲಲ್ಲ, ಆಸಕ್ತಿ ಇತ್ತು ಅರ್ಜಿ ಬಂತು, ಪರೀಕ್ಷೇಲೂ ಸರಿಸಮ ಬಂದ್ರು, ಇಂಟರ್‌ವ್ಯೂ ರೂಮಲ್ಲಿ ಹುಡುಗರಲ್ಲಿ ನೂರಕ್ಕೆ 40 ಜನ ಪಾಸಾದ್ರೆ ಹುಡುಗೀರಲ್ಲಿ ನೂರಕ್ಕೆ 20. ತೊಂದರೆ ಆ ರೂಮಲ್ಲಿದೆ. ಅಮೆರಿಕದಲ್ಲಿ 1978ರ ಮಾರ್ಗಸೂಚೀಲಿ ಇದಕ್ಕೊಂದು ಅಳತೆ ಇಟ್ರು, ಒಂದು ಗುಂಪಿನ ಆಯ್ಕೆ ದರ ಅತಿ ಹೆಚ್ಚು ಆಯ್ಕೆಯಾದ ಗುಂಪಿನ ದರದ ಐದರಲ್ಲಿ ನಾಲ್ಕು ಭಾಗಕ್ಕಿಂತ ಕಮ್ಮಿ ಆದ್ರೆ ಅಲ್ಲೇನೋ ಇದೆ, ನೋಡ್ಬೇಕು ಅಂತ. ನನ್ನ ಉದಾಹರಣೇಲಿ ಅದು ಬರೀ ಅರ್ಧ. ಇದರಿಂದಾನೇ ತಾರತಮ್ಯ ಆಯ್ತು ಅಂತ ಸಾಬೀತಾಗಲ್ಲ, ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗತ್ತೆ ಅಷ್ಟೇ. ಮನೇಲಿ ಮದುವೆ ಯಾವಾಗ ಅಂತ ಹುಡುಗೀರಿಗೆ ಮಾತ್ರ ಕೇಳ್ತಿದ್ರಾ? ಎಲ್ರಿಗೂ ಒಂದೇ ಪ್ರಶ್ನೆ ಇತ್ತಾ? ಯಾವುದಕ್ಕೆ ಎಷ್ಟು ಮಾರ್ಕ್ ಅಂತ ಮೊದಲೇ ಬರೆದಿಟ್ಟ ಕಾಗದ ಇತ್ತಾ ಅಥವಾ ಮುಖ ನೋಡಿ ಕೊಟ್ರಾ?

ಅದೇ 200ರಲ್ಲಿ ಹುಡುಗೀರ ಅರ್ಜಿ ಬರೀ 10 ಬಂದಿದ್ರೆ ಆಗ ಕಥೇನೇ ಬೇರೆ. ಆಗ ಇಂಟರ್‌ವ್ಯೂ ಮಾಡಿದೋರನ್ನ ಬೈದು ಪ್ರಯೋಜನ ಇಲ್ಲ, ಜಾಹೀರಾತು ಎಲ್ಲಿ ಹಾಕಿದ್ರು, ರಾತ್ರಿ ಶಿಫ್ಟ್ ಬಗ್ಗೆ ಏನು ಬರೆದಿದ್ರು, ಉಳಿಯೋಕೆ ಜಾಗ ಇದೆಯಾ, ಟಾಯ್ಲೆಟ್ ಇದೆಯಾ ಅಂತ ನೋಡ್ಬೇಕು. ಎಲ್ಲಿ ತೂತಿದೆ ಅಂತ ಗೊತ್ತಾಗೋಕೇನೇ ಅರ್ಜಿ ಹಾಕಿದ ಎಲ್ರ ಲೆಕ್ಕ ಬೇಕು, ಸೇರಿದವರದ್ದು ಮಾತ್ರ ಇದ್ರೆ ಏನೂ ಗೊತ್ತಾಗಲ್ಲ. ಎಷ್ಟೋ ಕಂಪನಿಯವರಿಗೇ ಇದು ಅರ್ಥ ಆಗಿರಲ್ಲ, ಸೇರಿದ್ಮೇಲೆ ಕೇಳಿದ್ರಾಯ್ತು ಬಿಡಿ ಅಂತಾರೆ.

ಬೇರೆ ಕೆಲಸಗಳಿಗಿಂತ ಅಪ್ರೆಂಟಿಸ್ ಆಯ್ಕೇಲಿ ಇದು ಯಾಕೆ ಮುಖ್ಯ ಅಂದ್ರೆ, ಬರೋ ಮಕ್ಕಳ ಹತ್ರ ತೋರಿಸೋಕೆ ಕೆಲಸದ ಅನುಭವಾನೇ ಇರಲ್ಲ. ಹತ್ತು ವರ್ಷ ವೆಲ್ಡಿಂಗ್ ಮಾಡಿದೋನನ್ನ ಒಂದು ಜಾಯಿಂಟ್ ಹಾಕು ನೋಡೋಣ ಅನ್ನಬಹುದು. ಹದಿನೇಳು ಹದಿನೆಂಟರ ಹುಡುಗನಲ್ಲಿ ಏನ್ ನೋಡ್ತಾರೆ? ಮಾತಾಡೋ ಧಾಟಿ, ಶರ್ಟ್, ಇಂಗ್ಲಿಷ್, ಓದಿದ ಸ್ಕೂಲ್, "ಇಂಥೋರ ಮಗ" ಅನ್ನೋ ಪರಿಚಯ. ಇದರಲ್ಲಿ ಯಾವುದೂ ಅವನ ಕೈಕೆಲಸ ಹೇಳಲ್ಲ, ಎಲ್ಲವೂ ಅವನ ಮನೆಯ ಬಗ್ಗೆ ಹೇಳತ್ತೆ. ಸಾಲದ್ದಕ್ಕೆ ಸೀಟು ಖಾಲಿ ಇದೆ ಅನ್ನೋ ಸುದ್ದಿನೂ ಮೊದಲು ತಲುಪೋದು ಒಳಗಿರೋರ ಮಕ್ಕಳಿಗೇ. ಇದೆಲ್ಲಾ ಯಾರೋ ಕೆಟ್ಟ ಮನಸ್ಸಿಂದ ಮಾಡ್ತಾರೆ ಅಂತಲ್ಲ, ನಂಗೆ ಗೊತ್ತಿರೋ ಒಳ್ಳೇ ಸೂಪರ್‌ವೈಸರ್‌ಗಳೂ ಹೀಗೇ ಮಾಡ್ತಿದ್ರು, ಕೇಳಿದ್ರೆ "ಹುಡುಗ ಚುರುಕಾಗಿದಾನೆ" ಅಂತಿದ್ರು.

ಹೆಸರು ನೋಡಿದ್ರೇನೇ ತಕ್ಕಡಿ ವಾಲತ್ತೆ ಅನ್ನೋದಕ್ಕೆ ಪುರಾವೆ ನಮ್ಮ ದೇಶದಲ್ಲೇ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅನ್ನೋ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಥರದ ಓದು ತೋರಿಸೋ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿದ್ರು. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದ್ರೆ ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಮುಂದಿನ ಹಂತಕ್ಕೆ ಕರೆ ಬರೋ ಸಾಧ್ಯತೆ ಕಮ್ಮಿ ಇತ್ತು, ಮುಸ್ಲಿಂ ಹೆಸರಿಗಂತೂ ತೀರಾ ಕಮ್ಮಿ. ಅಮೆರಿಕದಲ್ಲೂ ಬಾಸ್ಟನ್, ಶಿಕಾಗೋದಲ್ಲಿ ಇದೇ ಥರ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಳಿಯರದ್ದು ಅನ್ಸೋ ಹೆಸರಿಗೆ ಶೇ 50ರಷ್ಟು ಹೆಚ್ಚು ಕರೆ ಬಂದಿದ್ವು. "ಜಾತಿ ಕೇಳೋದೇ ಬಿಟ್ರೆ ಜಾತಿ ಹೋಗತ್ತೆ" ಅನ್ನೋ ವಾದ ನಂಗೆ ಒಪ್ಪಿಗೆ ಆಗದೇ ಇರೋದು ಇದಕ್ಕೇ. ಫಾರಂನಲ್ಲಿ ಕೇಳದಿದ್ರೂ ನೋಡೋರು ಹೆಸರಲ್ಲೇ ಊಹೆ ಮಾಡ್ಕೋತಾರೆ, ಕೇಳಿ ಲೆಕ್ಕ ಇಟ್ರೆ ಆ ಊಹೆ ಏನ್ ಮಾಡ್ತು ಅಂತಾದ್ರೂ ಗೊತ್ತಾಗತ್ತೆ.

ಅಪ್ಪನ ಕೆಲಸದ ಪ್ರಶ್ನೆ ಬಗ್ಗೆ ಸ್ವಲ್ಪ ಹೇಳ್ಬೇಕು, ಅದಕ್ಕೇ ಜನ ಜಾಸ್ತಿ ರೇಗೋದು. ಬಡ ಮನೆ ಮಕ್ಕಳಿಗೂ ಮೇಲೆ ಬರೋ ಅವಕಾಶ ಸಿಗ್ತಿದೆಯಾ ಅಂತ ನೋಡೋ ಬ್ರಿಟನ್ನಿನ ಸೋಶಿಯಲ್ ಮೊಬಿಲಿಟಿ ಕಮಿಷನ್ ಕಂಪನಿಗಳಿಗೆ ಶಿಫಾರಸು ಮಾಡಿರೋ ಪ್ರಶ್ನೆ ಇದು, ನಿಮಗೆ ಸುಮಾರು 14 ವರ್ಷ ಇದ್ದಾಗ ಮನೇಲಿ ಮುಖ್ಯವಾಗಿ ದುಡೀತಿದ್ದೋರ ಕೆಲಸ ಏನಿತ್ತು ಅಂತ. ಸಂಬಳ ಎಷ್ಟಿತ್ತು ಅಂತ ಮಕ್ಕಳಿಗೆ ಗೊತ್ತಿರಲ್ಲ, ಗೊತ್ತಿದ್ರೂ ಹೇಳಲ್ಲ, ಕೆಲಸ ಏನು ಅಂತ ಎಲ್ರಿಗೂ ನೆನಪಿರತ್ತೆ. ಡಾಕ್ಟರ್ ಮಕ್ಕಳು ಎಷ್ಟು ಜನ, ಕೂಲಿ ಮಾಡೋರ ಮಕ್ಕಳು ಎಷ್ಟು ಜನ ಅರ್ಜಿ ಹಾಕಿದ್ರು, ಎಷ್ಟು ಜನ ಒಳಗೆ ಬಂದ್ರು ಅಂತ ನೋಡೋಕೆ ಇದಕ್ಕಿಂತ ಸುಲಭದ ದಾರಿ ಕಾಣ್ಸಲ್ಲ. ಅದೇ ದೇಶದ 2010ರ ಸಮಾನತಾ ಕಾಯ್ದೇಲಿ ಕೆಲಸ ಕೊಡೋ ಮುಂಚೆ ಆರೋಗ್ಯದ ಬಗ್ಗೆ ಕೇಳೋ ಹಾಗಿಲ್ಲ ಅಂತ ಇದೆ, ಆದ್ರೆ ಅರ್ಜಿದಾರರ ವೈವಿಧ್ಯದ ಲೆಕ್ಕಕ್ಕೆ ಕೇಳಬಹುದು ಅಂತ ವಿನಾಯ್ತಿನೂ ಅಲ್ಲೇ ಇದೆ. ಆಯ್ಕೆಗೆ ಅಂತ ಕೇಳಬೇಡ, ಲೆಕ್ಕಕ್ಕೆ ಅಂತ ಕೇಳು ಅಂತ ಕಾನೂನೇ ಗೆರೆ ಎಳೆದಿದೆ. ಅಮೆರಿಕದ 2016ರ ಅಪ್ರೆಂಟಿಸ್ ನಿಯಮದಲ್ಲೂ ಅಂಗವಿಕಲರಿಗೆ ಶೇ 7ರ ಗುರಿ ಇಟ್ಟು, ಅರ್ಜಿ ಹಂತದಲ್ಲೇ ಕೇಳಿ, ಆದ್ರೆ ಹೇಳೋದು ಬಿಡೋದು ಅವರ ಇಷ್ಟ ಅಂದಿದ್ರು.

ಇನ್ನು ಭಯದ ವಿಷಯ. ಆ ಭಯ ಸುಳ್ಳಲ್ಲ. ಕೊನೇ ಪುಟದಲ್ಲಿ ಬರೆದದ್ದು ಇಂಟರ್‌ವ್ಯೂ ಮಾಡೋನ ಸ್ಕ್ರೀನ್ ಮೇಲೆ ಬರಲ್ಲ ಅಂತ ಹೇಗೆ ನಂಬೋದು? ಸಣ್ಣ ಕಂಪನೀಲಿ ಅರ್ಜಿ ತಗೊಳ್ಳೋರು, ಎಕ್ಸೆಲ್ ತುಂಬೋರು, ಇಂಟರ್‌ವ್ಯೂ ಮಾಡೋರು ಎಲ್ಲಾ ಒಬ್ರೇ ಇರ್ತಾರೆ, ಅಲ್ಲಿ ಲೆಕ್ಕದ ಪುಟಕ್ಕೂ ಆಯ್ಕೆಗೂ ಮಧ್ಯೆ ಗೋಡೆ ಕಟ್ತೀವಿ ಅನ್ನೋದು ಬರೀ ಮಾತು. ಅಂಥ ಕಡೆ ಐದು ಸೀಟಿಗೆ ಶೇಕಡಾವಾರು ಲೆಕ್ಕಕ್ಕೂ ಅರ್ಥ ಇಲ್ಲ, ಒಬ್ರು ಆಚೆ ಈಚೆ ಆದ್ರೆ ಶೇ 20 ಬದಲಾಗತ್ತೆ, ಕೆಲವು ವರ್ಷದ್ದು ಒಟ್ಟು ಸೇರಿಸಿ ನೋಡ್ಬೇಕು ಅಥವಾ ಕೇಳೋಕೇ ಹೋಗಬಾರದು. ದೊಡ್ಡ ಕಡೇನೂ ಒಂದು ಟ್ರೇಡಲ್ಲಿ ಒಬ್ಬನೇ ಅಂಗವಿಕಲ ಹುಡುಗ ಇದ್ದು ವರದೀಲಿ "ಅಂಗವಿಕಲರು: 1" ಅಂತ ಬರೆದ್ರೆ ಅದು ಅವನ ಹೆಸರು ಬರೆದ ಹಾಗೇ. ಸಣ್ಣ ಸಂಖ್ಯೆ ಮುಚ್ಚಿಡೋ ಪದ್ಧತಿ ಇರೋದು ಅದಕ್ಕೇನೇ.

ನಮ್ಮ ಕಾನೂನಿನ ಕಥೆ ಸ್ವಲ್ಪ ಸಪ್ಪೆ. 2011ರ ಮಾಹಿತಿ ನಿಯಮಗಳಲ್ಲಿ ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ ಎಲ್ಲಾ ಸೂಕ್ಷ್ಮ ಮಾಹಿತಿ, ಜಾತಿ ಮಾತ್ರ ಆ ಪಟ್ಟೀಲಿ ಇರ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೇಲಿ ಸೂಕ್ಷ್ಮ ಅನ್ನೋ ಬೇರೆ ವರ್ಗಾನೇ ಇಲ್ಲ. ಆದ್ರೂ ಒಪ್ಪಿಗೆ ಕೇಳುವಾಗ ಯಾವ ಮಾಹಿತಿ, ಯಾತಕ್ಕೆ ಅಂತ ನೋಟಿಸ್ ಕೊಡ್ಬೇಕು, ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು, 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಆ ಕಾಯ್ದೆ ಹೇಳತ್ತೆ. ಅಪಾಯ ಇಲ್ಲದ ಉದ್ಯಮಗಳಲ್ಲಿ 14ಕ್ಕೇ ಅಪ್ರೆಂಟಿಸ್ ಆಗಬಹುದು ಅನ್ನೋ ದೇಶದಲ್ಲಿ ಈ ಕೊನೇ ಮಾತು ಕಂಪನಿಗಳು ಗಮನಿಸ್ಬೇಕಾದ್ದು.

ಸಂಪಾದಕರೇ, ನನ್ನ ತಕರಾರು ಕೇಳೋದ್ರ ಮೇಲಲ್ಲ, ಹೇಳದೇ ಕೇಳೋದ್ರ ಮೇಲೆ. ಮೂರು ಥರದ ಪ್ರಶ್ನೆಗಳನ್ನ ಮೂರು ಬೇರೆ ಪುಟದಲ್ಲಿ ಹಾಕಿ, ಪ್ರತಿ ಪುಟದ ತಲೆ ಮೇಲೆ ಇದನ್ನ ಯಾರು ನೋಡ್ತಾರೆ, ಎಷ್ಟು ಕಾಲ ಇಟ್ಕೊಂಡು ಅಳಿಸ್ತಾರೆ ಅಂತ ಬರೆಯೋಕೆ ಅರ್ಧ ದಿನದ ಕೆಲಸ. "ಹೇಳೋಕೆ ಇಷ್ಟ ಇಲ್ಲ" ಅನ್ನೋ ಆಯ್ಕೆ ಲೆಕ್ಕದ ಪುಟದಲ್ಲಿ ಇರಲೇಬೇಕು, ಅದನ್ನ ಒತ್ತಿದ್ರೆ ಮುಂದೆ ಹೋಗೋಕೆ ಬಿಡದ ಫಾರಂ ಇಷ್ಟದ್ದಲ್ಲ, ಬಲವಂತದ್ದು. ಹೋದ ವರ್ಷದ ಲೆಕ್ಕದಿಂದ ಏನು ಗೊತ್ತಾಯ್ತು, ಏನು ಬದಲಾಯಿಸಿದ್ರು ಅಂತ ಜಾಹೀರಾತಿನ ಜೊತೆ ಎರಡು ಸಾಲು ಹಾಕಲಿ, ಹಾಕೋಕೆ ಏನೂ ಇಲ್ಲ ಅಂದ್ರೆ ಈ ವರ್ಷ ಮತ್ತೆ ಯಾಕೆ ಕೇಳ್ತಿದಾರೆ ಅಂತ ನಾವೂ ಕೇಳಬಹುದು.

ಅರ್ಜಿ ಹಾಕೋ ಮಕ್ಕಳಿಗೂ ಒಂದು ಮಾತು. ಮೀಸಲಾತಿ ಬೇಕಿದ್ರೆ ಅದರ ಕಾಲಂನಲ್ಲೇ ಬರೆದು ಸರ್ಟಿಫಿಕೇಟ್ ಹಾಕಿ, ಲೆಕ್ಕದ ಪುಟದಲ್ಲಿ ಟಿಕ್ ಮಾಡಿದ್ದು ಅದಕ್ಕೆ ನಡೆಯಲ್ಲ. ಪರೀಕ್ಷೇಲಿ ಸಹಾಯ ಬೇಕಿದ್ರೆ ಬೇರೆಯಾಗಿ ಮೇಲ್ ಮಾಡಿ ಕೇಳಿ, ಬಂದ ಉತ್ತರ ಇಟ್ಕೊಳ್ಳಿ. ಲೆಕ್ಕದ ಪುಟ ಯಾರ ಕೈಗೆ ಹೋಗತ್ತೆ ಅಂತ ಫಾರಂನಲ್ಲಿ ಬರೆದಿಲ್ಲ ಅಂದ್ರೆ, ತುಂಬೋ ಮುಂಚೆ ಅವರ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ಅದನ್ನೇ ಕೇಳಿ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ