ಜಿಲ್ಲೆಗೆ ಯೆಲ್ಲೋ ಅಲರ್ಟ್, ನಿಮ್ಮ ತೋಡಿಗೆ ಯಾವ ಅಲರ್ಟ್?

ಪ್ರೀತಿಯ ಪೋಷಕರಿಗೆ,

ನಮಸ್ಕಾರ.

ಪತ್ರ ಸ್ವಲ್ಪ ಉದ್ದ ಇದೆ. ಪೂರ್ತಿ ಓದಲು ಬಿಡುವಿಲ್ಲದವರಿಗೆ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಳೆಗಾಲ ಮುಗಿಯುವವರೆಗೆ, ರಜೆ ಘೋಷಣೆ ಆಗಿರಲಿ ಬಿಡಲಿ, ಮನೆಯಿಂದ ಶಾಲೆಗೆ ಬರುವ ದಾರಿ ನಿಮ್ಮ ಕಣ್ಣಿಗೆ ಸರಿ ಕಾಣದಿದ್ದರೆ ಮಗುವನ್ನು ಕಳಿಸಬೇಡಿ. ಯಾರನ್ನೂ ಕೇಳಬೇಕಿಲ್ಲ. ಮರುದಿನ ರಜಾ ಚೀಟಿಯೂ ಬೇಡ. ತರಗತಿಯ ಶಿಕ್ಷಕರಿಗೆ ಒಂದು ಮೆಸೇಜ್ ಹಾಕಿದರೆ ಸಾಕು. ನೆಟ್‌ವರ್ಕ್ ಇಲ್ಲದಿದ್ದರೆ ಅದೂ ಬೇಡ, ನಾವೇ ವಿಚಾರಿಸುತ್ತೇವೆ.

ಇಷ್ಟು ಬರೆದು ಸಹಿ ಹಾಕಬಹುದಿತ್ತು. ಆದರೆ ಮಳೆಗಾಲ ಬಂತೆಂದರೆ ನನಗೆ ಎರಡು ಥರದ ಫೋನ್ ಬರುತ್ತವೆ. "ಮೇಡಂ, ಆರೆಂಜ್ ಅಲರ್ಟ್ ಅಂತೆ, ರಜೆ ಯಾಕೆ ಕೊಟ್ಟಿಲ್ಲ?" ಅಂತ ಒಬ್ಬರು. "ಬರೀ ಯೆಲ್ಲೋ ಅಲ್ವಾ, ಅದಕ್ಕೆ ಯಾಕೆ ಇಷ್ಟು ಗಡಿಬಿಡಿ?" ಅಂತ ಇನ್ನೊಬ್ಬರು. ಇಬ್ಬರೂ ಟಿವಿಯಲ್ಲಿ ಬಣ್ಣ ನೋಡಿ ಮಾತಾಡುತ್ತಾರೆ, ಅಂಗಳದಾಚೆಯ ದಾರಿ ನೋಡಿ ಅಲ್ಲ. ಹಾಗಾಗಿ ಈ ಬಣ್ಣಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಕೊಡಗಿನವರಿಗೆ ಮಳೆಯ ಪಾಠ ಮಾಡುವ ಧೈರ್ಯ ನನಗಿಲ್ಲ. ನಿಮ್ಮಲ್ಲಿ ಅನೇಕರ ಮನೆಯ ಮಳೆ ಲೆಕ್ಕದ ಪುಸ್ತಕಕ್ಕೆ ನನಗಿಂತ ಜಾಸ್ತಿ ವಯಸ್ಸಾಗಿದೆ.

ಹವಾಮಾನ ಇಲಾಖೆ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ, ನಾವು ಇಂಚು-ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು). ಒಂದು ಇಂಚು ಅಂದರೆ 25.4 ಮಿ.ಮೀ. ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರಿ ಮಳೆ. ನಮ್ಮ ಲೆಕ್ಕದಲ್ಲಿ ಎರಡೂವರೆ ಇಂಚು. 115.6ರಿಂದ 204.4 ಮಿ.ಮೀ. ಬಂದರೆ ಅತಿ ಭಾರಿ, ಅಂದರೆ ನಾಲ್ಕೂವರೆಯಿಂದ ಎಂಟು ಇಂಚು. ಅದಕ್ಕೂ ಮೀರಿದರೆ ವಿಪರೀತ ಮಳೆ. ದಿನ ಅಂದರೆ ಇವತ್ತು ಬೆಳಿಗ್ಗೆ ಎಂಟೂವರೆಯಿಂದ ನಾಳೆ ಬೆಳಿಗ್ಗೆ ಎಂಟೂವರೆ. ಸಾಮಾನ್ಯವಾಗಿ ಈ ಮೂರಕ್ಕೆ ಯೆಲ್ಲೋ, ಆರೆಂಜ್, ರೆಡ್ ಎಂದು ಬಣ್ಣ ಕೊಡುತ್ತಾರೆ. ಯೆಲ್ಲೋ ಅಂದರೆ ಗಮನ ಇಟ್ಟಿರಿ, ಆರೆಂಜ್ ಅಂದರೆ ತಯಾರಾಗಿರಿ, ರೆಡ್ ಅಂದರೆ ಈಗಲೇ ಏನಾದರೂ ಮಾಡಿ. ಮೂರರಲ್ಲಿ ಯಾವುದೂ "ಶಾಲೆಗೆ ರಜೆ" ಅಂತ ಹೇಳುವುದಿಲ್ಲ. "ಏನೂ ಆಗಲ್ಲ, ಹೋಗಿ" ಅಂತಲೂ ಹೇಳುವುದಿಲ್ಲ.

ಮೊದಲನೆಯದಾಗಿ, ಬಣ್ಣ ಇಡೀ ಜಿಲ್ಲೆಗೆ ಒಂದೇ. ನಮ್ಮ ಜಿಲ್ಲೆ ನಿಮಗೆ ಗೊತ್ತಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟುವುದು ಹೊಸದೇನಲ್ಲ. ಕುಶಾಲನಗರದ ಕಡೆ ಬೀಳುವುದು ಅದರ ಸಣ್ಣ ಪಾಲಷ್ಟೇ. ಕುಶಾಲನಗರದಲ್ಲಿ ಕೊಡೆ ಬಿಚ್ಚದ ದಿನ ಇಲ್ಲಿ ನಾಪೋಕ್ಲು ಸುತ್ತಮುತ್ತ ಗದ್ದೆ ಕಾಣದಷ್ಟು ನೀರು ನಿಂತಿರಬಹುದು. ಎರಡೂ ಕಡೆಗೆ ಟಿವಿಯಲ್ಲಿ ಒಂದೇ ಬಣ್ಣ.

ಎರಡನೆಯದು ಇದಕ್ಕಿಂತ ಮುಖ್ಯ. ಬಣ್ಣ ಹೇಳುವುದು ಮುಂದೆ ಬೀಳುವ ಮಳೆಯನ್ನು. ಗುಡ್ಡ ಕುಸಿಯುವುದು ಆಗಲೇ ಬಿದ್ದ ಮಳೆಯೂ ಸೇರಿ. ಜೂನ್‌ನಲ್ಲಿ ಐದು ಇಂಚು ಬಂದರೂ ಒಣಗಿದ ಮಣ್ಣು ಬಹಳಷ್ಟನ್ನು ಕುಡಿಯುತ್ತದೆ. ಆಗಸ್ಟ್ ಹೊತ್ತಿಗೆ ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಸುರಿದ ಹಾಗೆ. 2018ರಲ್ಲಿ ಆದದ್ದು ನೆನಪಿದೆ ಅಲ್ವಾ? ಜೂನ್‌ನಿಂದಲೇ ಬಿಟ್ಟೂಬಿಡದೆ ಸುರಿದು ಮಣ್ಣು ನೆನೆದಿತ್ತು. ಆಗಸ್ಟ್ ನಡುವೆ ಬಂದ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡಗಳೇ ಇಳಿದು ಬಂದವು. ಸಂಪಾಜೆ ಘಾಟಿಯ ರಸ್ತೆ ಹೋಯಿತು. 2019ರ ಆಗಸ್ಟ್‌ನಲ್ಲಿ ಭಾಗಮಂಡಲದ ಹತ್ತಿರ ಕೋರಂಗಾಲದಲ್ಲಿ, ವಿರಾಜಪೇಟೆ ಕಡೆ ತೋರದಲ್ಲಿ. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯಲ್ಲಿ. ಮೂರು ವರ್ಷ, ಮೂರೂ ಸಲ ಆಗಸ್ಟ್. ಹಿರಿಯರು ಆಶ್ಲೇಷ ಮಳೆಗೆ ಹೆದರುತ್ತಿದ್ದದ್ದು ಸುಮ್ನೆ ಅಲ್ಲ. ಹಾಗಾಗಿ ಜೂನ್‌ನ ಆರೆಂಜ್‌ಗಿಂತ ಆಗಸ್ಟ್‌ನ ಯೆಲ್ಲೋ ನನಗೆ ಜಾಸ್ತಿ ಚಿಂತೆ ಕೊಡುತ್ತದೆ.

ನೀರಿನ ಭಾರ ಎಷ್ಟಿರುತ್ತದೆ ಅಂತ ಏಳನೇ ತರಗತಿಯ ಮಕ್ಕಳಿಗೆ ಲೆಕ್ಕ ಕೊಟ್ಟಿದ್ದೆವು. ನೀವೂ ಮಾಡಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ನಾಲ್ಕು ಇಂಚು ಮಳೆ ಬಂದ ದಿನ ಒಂದೇ ಎಕರೆ ತೋಟದ ಮೇಲೆ ನಾಲ್ಕು ಲಕ್ಷ ಲೀಟರ್‌ಗಿಂತ ಹೆಚ್ಚು ನೀರು. ಹತ್ತು ಸಾವಿರ ಲೀಟರಿನ ನಲವತ್ತು ಟ್ಯಾಂಕರ್. ಅಷ್ಟೂ ಎಲ್ಲಿಗಾದರೂ ಹೋಗಲೇಬೇಕು. ತೋಡು (ಸಣ್ಣ ಹಳ್ಳ), ಚರಂಡಿ ಮುಚ್ಚಿದ್ದರೆ ಬರೆಯೊಳಗೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯೊಳಗೆ ಇಳಿಯುತ್ತದೆ. ಮನೆಗೋ ರಸ್ತೆಗೋ ಹೋಂಸ್ಟೇಗೋ ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಬರೆ ಆ ಭಾರ ತಡೆಯುವುದಿಲ್ಲ. ಮನೆ ಹಿಂದೆ ಬರೆ ಇರುವವರು ಈ ವಾರವೇ ಮೇಲಿನ ಚರಂಡಿ ಬಿಡಿಸಿ. ನೀರು ಬರೆಯ ಮೇಲೆ ಬೀಳದೆ ಪಕ್ಕಕ್ಕೆ ಹೋಗುವ ಹಾಗೆ ಮಾಡಿ. ಒಂದು ಗುದ್ದಲಿ, ಅರ್ಧ ದಿನದ ಕೆಲಸ.

ಇನ್ನು ಹೊಳೆ, ಅಂದರೆ ನಮ್ಮ ಕಾವೇರಿ. ಇಲ್ಲಿ ಮಳೆ ನಿಂತು ಬಿಸಿಲು ಬಂತು ಅಂತ ನೀರು ಇಳಿದಿರುವುದಿಲ್ಲ. ಭಾಗಮಂಡಲದ ಸಂಗಮದಲ್ಲಿ ತುಂಬಿದ ನೀರು ಕೆಳಗೆ ಬರಲು ಹೊತ್ತು ತೆಗೆದುಕೊಳ್ಳುತ್ತದೆ. ಚೆರಿಯಪರಂಬು, ಬೊಳಿಬಾಣೆ, ಬಲಮುರಿ ದಾಟಿ ಕರಡಿಗೋಡು, ಗುಹ್ಯ ಸೇರುವಷ್ಟರಲ್ಲಿ ಮೇಲೆ ಆಕಾಶ ತಿಳಿಯಾಗಿರುತ್ತದೆ. ಬೆಳಿಗ್ಗೆ ಮಗು ನಡೆದು ಬಂದ ರಸ್ತೆಯಲ್ಲಿ ಸಂಜೆ ನೀರು ಇರಬಹುದು. ಆದ್ದರಿಂದ ನೀವು ನೋಡಬೇಕಾದದ್ದು ನಿಮ್ಮ ಊರಿನ ಮಳೆಗಿಂತ ಮೇಲಿನ ಊರಿನ ಮಳೆಯನ್ನು. ಭಾಗಮಂಡಲದಲ್ಲಿ, ಕಕ್ಕಬ್ಬೆ ಕಡೆಯಲ್ಲಿ ನೆಂಟರು ಯಾರಾದರೂ ಇದ್ದೇ ಇರುತ್ತಾರೆ. ಬೆಳಿಗ್ಗೆ ಅವರಿಗೊಂದು ಫೋನ್ ಮಾಡಿ. ಯಾವ ಆ್ಯಪ್‌ಗಿಂತಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಫೋನ್ ಮಾಡಲು ಯಾರೂ ಇಲ್ಲದಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ, 92433 45433. ಹೋಬಳಿ, ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕ ಅವರ ಹತ್ತಿರ ಇರುತ್ತದೆ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಒಂದೇ ನಿಯಮ. ದಾಟಬಾರದು. ನಡೆದೂ ಅಲ್ಲ, ಬೈಕಿನಲ್ಲೂ ಅಲ್ಲ, ಜೀಪಿನಲ್ಲೂ ಅಲ್ಲ. ವೇಗವಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೆ ದೊಡ್ಡವರ ಕಾಲೇ ನಿಲ್ಲುವುದಿಲ್ಲ. ಒಂದು ಅಡಿಗೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿಗೆ ಹೆಚ್ಚಿನ ಗಾಡಿಗಳು ಕೊಚ್ಚಿ ಹೋಗುತ್ತವೆ. "ನನ್ನ ಜೀಪ್ ಫೋರ್ ವೀಲ್" ಎನ್ನುವ ಅಪ್ಪಂದಿರಿಗೆ ಪ್ರೀತಿಯಿಂದಲೇ ಹೇಳುತ್ತೇನೆ. ನೀರಿನಡಿ ರಸ್ತೆ ಇದೆಯೋ ಕೊರೆದು ಹೋಗಿದೆಯೋ ಅಂತ ಫೋರ್ ವೀಲ್‌ಗೂ ಕಾಣುವುದಿಲ್ಲ. ಮಕ್ಕಳನ್ನು ಕರೆತರುವ ಜೀಪು, ಆಟೋದವರಿಗೂ ಇದನ್ನೇ ಹೇಳಿದ್ದೇನೆ. ಅವರು ವಾಪಸ್ ತಿರುಗಿಸಿ ಮಕ್ಕಳನ್ನು ಮನೆಗೆ ಬಿಟ್ಟರೆ ದಯವಿಟ್ಟು ಜಗಳ ಮಾಡಬೇಡಿ, ಬಾಡಿಗೆ ಮುರಿದುಕೊಳ್ಳಬೇಡಿ.

ಮಕ್ಕಳು ರಜೆಯ ದಿನ ಹೊಳೆ ನೋಡಲು ಹೋಗುತ್ತಾರೆ. ತಡೆಯಿರಿ. ತೋಟದ ಕೆರೆಯ ಏರಿ ಕೂಡ ಈ ದಿನಗಳಲ್ಲಿ ಜಾರುತ್ತದೆ. ಸಿಲ್ವರ್ ಓಕ್ ಮರ ಕರೆಂಟ್ ಲೈನಿನ ಮೇಲೆ ಬೀಳುವುದು ಇಲ್ಲಿ ಮಾಮೂಲು. ನೆಲದ ಮೇಲೆ ಬಿದ್ದ ತಂತಿ ಸತ್ತಿದೆ ಅಂತ ಯಾವತ್ತೂ ಅಂದುಕೊಳ್ಳಬಾರದು ಎಂದು ಮನೆಯಲ್ಲೂ ಒಮ್ಮೆ ಹೇಳಿಕೊಡಿ.

ರಜೆಯ ವಿಚಾರಕ್ಕೆ ಬರುತ್ತೇನೆ. ರಜೆ ಘೋಷಿಸುವುದು ಜಿಲ್ಲಾಧಿಕಾರಿಗಳು, ನಾನಲ್ಲ. ಆದೇಶ ಕೆಲವು ಸಲ ರಾತ್ರಿ ತಡವಾಗಿ ಬರುತ್ತದೆ, ಕೆಲವು ಸಲ ಬೆಳಿಗ್ಗೆ. ಅಷ್ಟರೊಳಗೆ ವಾಟ್ಸ್ಆ್ಯಪ್‌ನಲ್ಲಿ ಹಳೆಯ ಆದೇಶದ ಫೋಟೋ ಓಡಾಡಲು ಶುರು ಆಗಿರುತ್ತದೆ. ದಿನಾಂಕ ತಿದ್ದಿ ಹಂಚುವ ಮಹಾನುಭಾವರೂ ಇದ್ದಾರೆ. (ಅವರಲ್ಲಿ ಕೆಲವರು ನಮ್ಮ ಹತ್ತನೇ ತರಗತಿಯಲ್ಲೇ ಇರಬಹುದು ಅನ್ನುವ ಅನುಮಾನ ನನಗಿದೆ.) ಶಾಲೆಯ ಗ್ರೂಪಿನಲ್ಲಿ ನನ್ನ ಫೋನಿನಿಂದ ಬಂದರೆ ಮಾತ್ರ ನಂಬಿ. ಕರೆಂಟು, ಟವರ್ ಎರಡೂ ಹೋದ ದಿನ ಮಡಿಕೇರಿ ಆಕಾಶವಾಣಿ ಕೇಳಿ. ಬ್ಯಾಟರಿಯ ರೇಡಿಯೋ ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ, ಸೆಲ್ ಹಾಕಿಡಿ. ಏನೂ ಗೊತ್ತಾಗಲಿಲ್ಲ ಅಂದರೆ ಪತ್ರದ ಮೊದಲ ಮಾತೇ ನಿಯಮ. ಮಗು ಮನೆಯಲ್ಲಿರಲಿ.

ಪಾಠದ ಬಗ್ಗೆ ಚಿಂತೆ ಮಾಡಬೇಡಿ. ರಜೆ ಹೋದ ದಿನಗಳನ್ನು ಶನಿವಾರ ಮಧ್ಯಾಹ್ನ, ಬೇಕಾದರೆ ಭಾನುವಾರ ತರಗತಿ ನಡೆಸಿ ಸರಿದೂಗಿಸುತ್ತೇವೆ. ಮಳೆಗೆ ಹೆದರಿ ಮನೆಯಲ್ಲಿ ಉಳಿದ ಮಗುವಿಗೆ ಹಾಜರಾತಿಯ ಮಾತು ಬರುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ. ಹತ್ತನೇ ತರಗತಿಯ ಪೋಷಕರಿಗೂ ಇದೇ ಮಾತು.

ಒಂದು ವಿಷಯ ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳುತ್ತೇನೆ. ಶಾಲೆಗೆ ರಜೆ ಕೊಟ್ಟರೆ ಮಗು ಸುರಕ್ಷಿತ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಇಳಿದದ್ದು ನಡುರಾತ್ರಿ ಕಳೆದ ಮೇಲೆ. ಹೊಳೆ ಪಕ್ಕದ ವೆಳ್ಳಾರ್‌ಮಲ ಶಾಲೆಗೂ ಪೆಟ್ಟು ಬಿತ್ತು. ಆಗ ಶಾಲೆಯಲ್ಲಿ ಮಕ್ಕಳಿರಲಿಲ್ಲ. ಅವರೆಲ್ಲ ಮನೆಗಳಲ್ಲಿ ಮಲಗಿದ್ದರು. ಎರಡು ದಿನದಲ್ಲಿ ಅಲ್ಲಿ 570 ಮಿ.ಮೀ.ಗೂ ಹೆಚ್ಚು ಮಳೆ ಸುರಿದಿತ್ತು. ಅಂದರೆ 22 ಇಂಚಿಗಿಂತ ಜಾಸ್ತಿ.

ಹಾಗಾಗಿ ರಾತ್ರಿ ಮಗು ಎಲ್ಲಿ ಮಲಗುತ್ತದೆ ಅನ್ನುವುದು ಬೆಳಿಗ್ಗೆ ಶಾಲೆಗೆ ಹೋಗುತ್ತದೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಮಳೆ ಜೋರಾದ ವಾರ ಬರೆಯ ಕಡೆಯ ಕೋಣೆಯಲ್ಲಿ ಯಾರೂ ಮಲಗಬೇಡಿ. ಅಂಗಳದಲ್ಲಿ ಹೊಸ ಬಿರುಕು ಬಂದರೆ, ಸರಿಯಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಕಂಬವೋ ಮರವೋ ವಾಲಿದರೆ, ಒರತೆಯೇ ಇಲ್ಲದ ಕಡೆ ಕೆಸರು ನೀರು ಉಕ್ಕಿದರೆ, ಅಥವಾ ಜೋರು ಮಳೆಯ ನಡುವೆ ತೋಡಿನ ನೀರು ಒಮ್ಮೆಲೆ ಕಡಿಮೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಮೇಲೆಲ್ಲೋ ಮಣ್ಣು ಜರಿದು ನೀರನ್ನು ಕಟ್ಟಿ ಹಾಕಿರಬಹುದು. ಹೊರಡಿ. ಆಮೇಲೆ 112 ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ. ಪಂಚಾಯಿತಿಯವರು ಕಾಳಜಿ ಕೇಂದ್ರಕ್ಕೆ ಬನ್ನಿ ಅಂದಾಗ ದನ, ಕೋಳಿ, ಮನೆ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ, ಗೊತ್ತು. ಹಿರಿಯರು ಬರಲು ಒಪ್ಪದಿದ್ದರೆ ಮಕ್ಕಳನ್ನಾದರೂ ಮೊದಲು ಕಳಿಸಿ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಮಾರ್ಕ್ಸ್ ಕಾರ್ಡ್, ಆಸ್ತಿ ಪತ್ರ ಇವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಾಗಿಲ ಹತ್ತಿರ ಇಡಿ.

ತೋಟದ ಲೈನ್ ಮನೆಗಳಲ್ಲಿರುವ ಪೋಷಕರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಕೆಲವರು ಹೊರಗಿನಿಂದ ಬಂದು ಇದೇ ಮೊದಲ ಮಳೆಗಾಲ ನೋಡುತ್ತಿದ್ದೀರಿ. ಇಲ್ಲಿನ ಮಳೆ ಬೇರೆ ಥರ. ಲೈನ್ ಮನೆ ಹೊಳೆ ಬದಿಯಲ್ಲೋ ಬರೆ ಕೆಳಗೋ ಇದ್ದರೆ ಬೇರೆ ಜಾಗ ಕೊಡಿ ಅಂತ ಮಾಲೀಕರನ್ನು ಈಗಲೇ ಕೇಳಿ. ಕೇಳಲು ಸಂಕೋಚವಾದರೆ ನನಗೆ ಹೇಳಿ, ನಾನೇ ಬಂದು ಮಾತಾಡುತ್ತೇನೆ. ಈ ಪತ್ರ ಓದಲು ಆಗದವರಿಗೆ ಮಕ್ಕಳು ಓದಿ ಹೇಳಬೇಕು. ಅದೇ ಇವತ್ತಿನ ಹೋಂವರ್ಕ್.

ಶಾಲೆಯಲ್ಲಿ ನಾವು ಮಾಡುತ್ತಿರುವುದು ಇಷ್ಟು. ಅಂಗಳದ ಮಳೆಮಾಪಕವನ್ನು ಎಂಟನೇ ತರಗತಿಯ ಮಕ್ಕಳು ದಿನಾ ಬೆಳಿಗ್ಗೆ ನೋಡಿ, ಆ ದಿನದ ಮಳೆಯ ಜೊತೆಗೆ ಹಿಂದಿನ ಮೂರು ದಿನಗಳ ಒಟ್ಟು ಮಳೆಯನ್ನೂ ಗೇಟಿನ ಬೋರ್ಡಿನಲ್ಲಿ ಬರೆಯುತ್ತಾರೆ. ನೀವು ನೋಡಬೇಕಾದದ್ದು ಆ ಒಟ್ಟನ್ನು. ಮಧ್ಯಾಹ್ನ ದಾರಿ ಕೆಡುವ ಸೂಚನೆ ಕಂಡರೆ ಬೊಳಿಬಾಣೆ, ಚೆರಿಯಪರಂಬು ಕಡೆಯ ಮಕ್ಕಳನ್ನು ಬೇಗ ಬಿಡುತ್ತೇವೆ. ಆದರೆ ದೊಡ್ಡವರು ಯಾರೂ ಬರದೆ ಒಂಟಿಯಾಗಿ ಬಿಡುವುದಿಲ್ಲ. ದಾರಿ ಆಗಲೇ ಮುಚ್ಚಿದ್ದರೆ ಮಕ್ಕಳು ಶಾಲೆಯಲ್ಲೇ ಉಳಿಯುತ್ತಾರೆ. ಅಕ್ಕಿ, ಬೇಳೆ, ಗ್ಯಾಸ್, ಹೊದಿಕೆ ತೆಗೆದಿಟ್ಟಿದ್ದೇವೆ, ಶಿಕ್ಷಕರು ಜೊತೆಗಿರುತ್ತಾರೆ. ಫೋನ್ ಸಿಗದಿದ್ದರೆ ಗಾಬರಿಯಾಗಿ ನೀರು ದಾಟಿ ಬರಬೇಡಿ. ಕುಡಿಯಲು ಕುದಿಸಿ ಆರಿಸಿದ ನೀರನ್ನೇ ಕೊಟ್ಟು ಕಳಿಸಿ, ಜ್ವರ ಬಂದರೆ ತಡಮಾಡದೆ ತೋರಿಸಿ. ಇಲಿಜ್ವರ ಮಳೆಗಾಲದಲ್ಲಿ ಜಾಸ್ತಿ.

ಪತ್ರದ ಜೊತೆ ಒಂದು ಚೀಟಿ ಇದೆ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಎಷ್ಟು ತೋಡು, ಮೋರಿ, ಸೇತುವೆ ದಾಟಬೇಕು, ಮನೆ ಹಿಂದೆ ಬರೆ ಇದೆಯೇ, ನೀವು ಬರಲಾಗದಿದ್ದರೆ ಮಗುವನ್ನು ಯಾರ ಕೈಗೆ ಕೊಡಬೇಕು ಎಂದು ಬರೆಯಿರಿ. ಎರಡು ಫೋನ್ ನಂಬರ್ ಕೊಡಿ, ಆದರೆ ಒಂದೇ ಕಂಪನಿಯ ಸಿಮ್ ಬೇಡ. ಒಂದು ಟವರ್ ಹೋದರೆ ಇನ್ನೊಂದಾದರೂ ಸಿಗಲಿ. ಚೀಟಿ ಸೋಮವಾರದೊಳಗೆ ತರಗತಿ ಶಿಕ್ಷಕರ ಕೈ ಸೇರಬೇಕು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ